ಅಂಗಾಲಿನ ನಕ್ಷೆ, ಅಂಗಾಲಿನ ಆರೈಕೆ

ವಾಷಿಂಗ್ಟನ್ ಸುತ್ತಲಿನ ರಾಕ್‌ವಿಲ್, ಆನಂಡೇಲ್‌ಗಳಲ್ಲಾಗಲಿ, ಅಟ್ಲಾಂಟಾದ ಬ್ಯುಫೋರ್ಡ್ ಹೆದ್ದಾರಿಯ ಇಕ್ಕೆಲಗಳಲ್ಲಾಗಲಿ, ಷಾರ್ಲೆಟ್ ಮತ್ತು ರಾಲಿಯ ಅಂಗಡಿಸಾಲುಗಳಲ್ಲಾಗಲಿ ಒಂದು ಚಿತ್ರ ಆಗಾಗ ಕಣ್ಣಿಗೆ ಬೀಳುತ್ತದೆ. ಎರಡು ಅಂಗಾಲುಗಳು, ಅವುಗಳ ಮೇಲೆ ಬಣ್ಣಬಣ್ಣದ ತುಣುಕುಗಳಾಗಿ ಮಿದುಳು, ಕಣ್ಣು, ಶ್ವಾಸಕೋಶ, ಯಕೃತ್ತು, ಮೂತ್ರಪಿಂಡ. ಕೆಳಗೆ ‘ರಿಫ್ಲೆಕ್ಸಾಲಜಿ’ ಎಂಬ ಫಲಕ. ಒಳಗೆ ಮಂದ ಬೆಳಕು, ಒರಗುಕುರ್ಚಿ, ಕಾಲಿಡಲು ಬಿಸಿನೀರಿನ ತೊಟ್ಟಿ. ಊರಿನಿಂದ ಮಕ್ಕಳ ಮನೆಗೆ ಬಂದ ತಂದೆತಾಯಂದಿರನ್ನು ಅಲ್ಲಿಗೆ ಕರೆದೊಯ್ಯುವುದು ನಮ್ಮ ಎಷ್ಟೋ ಮನೆಗಳಲ್ಲಿ ಈಗ ರೂಢಿಯೇ ಆಗಿದೆ.

ವೈದ್ಯೆಯಾದ ನನ್ನನ್ನು ಕನ್ನಡ ಬಳಗದವರು ಈ ಬಗ್ಗೆ ಎರಡು ಪ್ರಶ್ನೆ ಕೇಳುತ್ತಾರೆ. ಅಂಗಾಲನ್ನು ಒತ್ತಿದರೆ ಒಳಗಿನ ಅಂಗಗಳ ರೋಗ ವಾಸಿಯಾಗುತ್ತದೆಯೇ? ಆಗದಿದ್ದರೆ, ಒತ್ತಿಸಿಕೊಂಡ ಮೇಲೆ ಅಷ್ಟು ಹಾಯೆನಿಸುವುದೇಕೆ? ಮೂರನೆಯ ಪ್ರಶ್ನೆಯೊಂದಿದೆ. ಅದನ್ನು ಕೇಳುವವರು ವಿರಳ. ಒಂದು ಕಾಲದಲ್ಲಿ ನಾನೂ ಕೇಳಿಕೊಂಡಿರಲಿಲ್ಲ: ಈ ಪಾದವನ್ನು ಒತ್ತಬಹುದೇ? ಈ ಲೇಖನ ಮೂರಕ್ಕೂ ಉತ್ತರಿಸುವ ಪ್ರಯತ್ನ.

ನಕ್ಷೆ ಹುಟ್ಟಿದ ಬಗೆ

ರಿಫ್ಲೆಕ್ಸಾಲಜಿಯ ಮೂಲವನ್ನು ಪ್ರಾಚೀನ ಚೀನಾ, ಈಜಿಪ್ಟ್‌ಗಳಿಗೆ ಕೊಂಡೊಯ್ಯುವವರಿದ್ದಾರೆ. ಆದರೆ ಅಂಗಡಿಯ ಗೋಡೆಯ ಮೇಲಿರುವ ನಕ್ಷೆಯ ಹುಟ್ಟೂರು ಅಮೆರಿಕವೇ. ವಯಸ್ಸು ಸುಮಾರು ನೂರು ವರ್ಷ. ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ ಕಿವಿ, ಮೂಗು, ಗಂಟಲು ತಜ್ಞರಾಗಿದ್ದ ಡಾ. ವಿಲಿಯಂ ಫಿಟ್ಜ್‌ಜೆರಾಲ್ಡ್ ಅವರು ದೇಹದ ಒಂದು ಭಾಗವನ್ನು ಒತ್ತಿದಾಗ ಮತ್ತೊಂದು ಭಾಗದ ನೋವು ತಗ್ಗುತ್ತದೆಂದು ನಂಬಿ, ದೇಹವನ್ನು ತಲೆಯಿಂದ ಕಾಲ್ಬೆರಳಿನವರೆಗೆ ಹತ್ತು ಉದ್ದನೆಯ ಪಟ್ಟಿಗಳಾಗಿ ವಿಂಗಡಿಸಿದರು. ಎಡ್ವಿನ್ ಬೋವರ್ಸ್ ಅವರೊಡನೆ ಅವರು ಬರೆದ ‘ಝೋನ್ ಥೆರಪಿ’ ಎಂಬ ಪುಸ್ತಕ 1917ರಲ್ಲಿ ಪ್ರಕಟವಾಯಿತು.

ಈ ಕಥೆಯ ಮುಂದಿನ ಘಟ್ಟ ನಮ್ಮ ವಾಷಿಂಗ್ಟನ್ನಿಗೆ ಸಂಬಂಧಿಸಿದ್ದು. ಇಲ್ಲಿ ಕೈರೋಪ್ರಾಕ್ಟಿಕ್ ಶಾಲೆಯೊಂದನ್ನು ನಡೆಸುತ್ತಿದ್ದ ಜೋ ಶೆಲ್ಬಿ ರೈಲಿ ಅವರು ಫಿಟ್ಜ್‌ಜೆರಾಲ್ಡ್‌ರ ಉದ್ದ ಪಟ್ಟಿಗಳಿಗೆ ಅಡ್ಡ ಪಟ್ಟಿಗಳನ್ನು ಸೇರಿಸಿ, ಪಾದದ ಮೇಲೆ ಅಂಗಗಳನ್ನು ಗುರುತಿಸುವ ಚಿತ್ರಗಳನ್ನು ರಚಿಸಿದರು. ಮುಂದೆ ಫ್ಲಾರಿಡಾದಲ್ಲಿ ಅವರ ಬಳಿ ಕೆಲಸ ಮಾಡಿದ ಭೌತಚಿಕಿತ್ಸಾ ತಜ್ಞೆ ಯೂನಿಸ್ ಇಂಗಮ್ ಅವರು ಪಾದವನ್ನೇ ಮುಖ್ಯವಾಗಿಸಿಕೊಂಡು, ಹೆಬ್ಬೆರಳಿನಿಂದ ಇಂಚಿಂಚಾಗಿ ಒತ್ತುತ್ತ ಸಾಗುವ ಕ್ರಮವನ್ನು ರೂಪಿಸಿದರು. ಅವರ ಪುಸ್ತಕ ‘ಸ್ಟೋರೀಸ್ ದ ಫೀಟ್ ಕ್ಯಾನ್ ಟೆಲ್’ 1938ರಲ್ಲಿ ಹೊರಬಂತು. ಇಂದಿನ ಬಹುತೇಕ ನಕ್ಷೆಗಳು ಆ ಪರಂಪರೆಯವು.

ನಮ್ಮ ಪಾದಾಭ್ಯಂಗ

ಪಾದವನ್ನು ತಿಕ್ಕುವ ರೂಢಿ ಕನ್ನಡಿಗರಿಗೆ ಹೊಸತೇನಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 5ನೆಯ ಅಧ್ಯಾಯವು ಪಾದಕ್ಕೆ ಎಣ್ಣೆ ಹಚ್ಚುವುದರಿಂದ ಒರಟುತನ, ಬಿಗಿತ, ದಣಿವು, ಜೋಮು ಕಳೆಯುತ್ತವೆಂದು ಹೇಳುತ್ತದೆ. ದೃಷ್ಟಿಗೂ ಒಳ್ಳೆಯದೆಂಬ ಮಾತು ಅಲ್ಲಿದೆ. ವಾಗ್ಭಟನ ಅಷ್ಟಾಂಗಹೃದಯದ ದಿನಚರ್ಯಾ ಅಧ್ಯಾಯವು ತಲೆ, ಕಿವಿ, ಪಾದಗಳಿಗೆ ಅಭ್ಯಂಗದಲ್ಲಿ ವಿಶೇಷ ಸ್ಥಾನ ಕೊಡುತ್ತದೆ. ಬೇಸಿಗೆಯಲ್ಲಿ ಮಲಗುವ ಮುನ್ನ ಅಂಗಾಲಿಗೆ ಹರಳೆಣ್ಣೆ ತಿಕ್ಕಿ ‘ಕಣ್ಣು ತಂಪಾಗುತ್ತೆ’ ಎನ್ನುತ್ತಿದ್ದ ಅಜ್ಜಿಯರನ್ನು ನಮ್ಮ ಪೀಳಿಗೆಯವರು ಮರೆತಿಲ್ಲ.

ಎರಡು ಪರಂಪರೆಗಳ ನಡುವಿನ ವ್ಯತ್ಯಾಸವನ್ನು ಗಮನಿಸಬೇಕು. ಪಾದಾಭ್ಯಂಗ ದಿನನಿತ್ಯದ ಆರೈಕೆ. ಅದರ ಬಹುಪಾಲು ಮಾತು ಪಾದದ ಬಗ್ಗೆಯೇ. ಅಂಗಾಲಿನ ಇಂಥ ಬಿಂದು ಮೂತ್ರಪಿಂಡದ್ದು, ಇಂಥದ್ದು ಮೇದೋಜೀರಕದ್ದು ಎಂಬ ನಕ್ಷೆ ಅದರಲ್ಲಿಲ್ಲ. ರಿಫ್ಲೆಕ್ಸಾಲಜಿಯನ್ನು ಆಯುರ್ವೇದದ ಭಾಗವೆಂದು ಪರಿಚಯಿಸುವುದು ಆದ್ದರಿಂದ ಸರಿಯಲ್ಲ.

ನರಗಳ ದಾರಿ

ನಕ್ಷೆ ನಿಜವಾಗಬೇಕಾದರೆ ಅಂಗಾಲಿನ ಒಂದು ಬಿಂದುವಿಗೂ ಒಂದು ಅಂಗಕ್ಕೂ ನಡುವೆ ನಿರ್ದಿಷ್ಟ ಸಂಪರ್ಕವಿರಬೇಕು. ಅಂಗರಚನಾಶಾಸ್ತ್ರದಲ್ಲಿ ಅಂಥದ್ದು ಕಾಣುವುದಿಲ್ಲ. ಅಂಗಾಲಿನ ಸಂವೇದನೆ ಮುಖ್ಯವಾಗಿ ಟಿಬಿಯಲ್ ನರದ ಕವಲುಗಳ ಮೂಲಕ ಸಯಾಟಿಕ್ ನರವನ್ನು ಸೇರಿ, ಬೆನ್ನುಹುರಿಯ ಕೆಳತುದಿಯ ಸೊಂಟ ಮತ್ತು ತ್ರಿಕಾಸ್ಥಿ ಭಾಗಗಳಿಗೆ ತಲುಪುತ್ತದೆ. ಹೃದಯ ಮತ್ತು ಯಕೃತ್ತುಗಳ ನೋವಿನ ನರತಂತುಗಳು ಬೆನ್ನುಹುರಿಯನ್ನು ಸೇರುವುದು ಅದಕ್ಕಿಂತ ಬಹಳ ಮೇಲೆ, ಎದೆಯ ಮಟ್ಟದಲ್ಲಿ.

ಒಳಅಂಗದ ನೋವು ಹೊರಗೆ ಬೇರೆಲ್ಲೋ ಕಾಣಿಸಿಕೊಳ್ಳುವುದು ನಿಜವೇ. ಹೃದಯಾಘಾತದಲ್ಲಿ ಎಡತೋಳು ನೋಯುತ್ತದೆ. ಪಿತ್ತಕೋಶದ ಉರಿಯೂತದಲ್ಲಿ ಬಲಭುಜ ನೋಯಬಹುದು. ಇಂಗ್ಲೆಂಡಿನ ಹೆನ್ರಿ ಹೆಡ್ ಅವರು 1893ರಲ್ಲಿಯೇ ಇಂಥ ಚರ್ಮವಲಯಗಳನ್ನು ವಿವರಿಸಿದ್ದರು. ಅಂಗವೂ ಆ ಚರ್ಮಭಾಗವೂ ಬೆನ್ನುಹುರಿಯ ಒಂದೇ ಮಟ್ಟಕ್ಕೆ ಸುದ್ದಿ ಕಳುಹಿಸುವುದೇ ಇದಕ್ಕೆ ಕಾರಣ. ಆ ಲೆಕ್ಕದಲ್ಲಿ ಹೃದಯದ ಸುದ್ದಿ ಅಂಗಾಲಿಗೆ ಬರುವಂತಿಲ್ಲ.

ಪರೀಕ್ಷೆಗಳು ಕಂಡದ್ದು

ನಕ್ಷೆಯನ್ನು ನೇರವಾಗಿ ಪರೀಕ್ಷಿಸಿದವರೂ ಇದ್ದಾರೆ. 2000ದಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಆರು ನಿಗದಿತ ತೊಂದರೆಗಳಲ್ಲಿ ಒಂದಾದರೂ ಇದ್ದ 18 ಮಂದಿಯ ಪಾದಗಳನ್ನು ಇಬ್ಬರು ರಿಫ್ಲೆಕ್ಸಾಲಜಿ ತಜ್ಞರು ನೋಡಿದರು. ಯಾರಿಗೆ ಯಾವ ತೊಂದರೆಯೆಂದು ಅವರಿಗೆ ತಿಳಿಸಿರಲಿಲ್ಲ. ಪಾದ ನೋಡಿ ರೋಗವನ್ನು ಗುರುತಿಸಲು ಅವರಿಗಾಗಲಿಲ್ಲ; ಇಬ್ಬರ ಅಭಿಪ್ರಾಯಗಳೂ ಪರಸ್ಪರ ಹೊಂದಲಿಲ್ಲ. ಚಿಕಿತ್ಸೆಯ ವಿಷಯಕ್ಕೆ ಬಂದರೆ, ಎಡ್ಜರ್ಡ್ ಅರ್ನ್ಸ್ಟ್ ಅವರು 2009ರಲ್ಲಿ 18 ಪ್ರಯೋಗಗಳನ್ನು ಪರಿಶೀಲಿಸಿ, ಯಾವುದೇ ಕಾಯಿಲೆಗೆ ರಿಫ್ಲೆಕ್ಸಾಲಜಿ ಪರಿಣಾಮಕಾರಿಯೆಂದು ಮನವರಿಕೆಯಾಗುವಂಥ ಪುರಾವೆಯಿಲ್ಲವೆಂದು ತೀರ್ಮಾನಿಸಿದರು.

ಇನ್ನೊಂದು ಬದಿಯನ್ನೂ ಹೇಳಬೇಕು. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಗ್ವೆನ್ ವ್ಯಾಟ್ ಮತ್ತು ಸಂಗಡಿಗರು ಮುಂದುವರಿದ ಸ್ತನ ಕ್ಯಾನ್ಸರ್ ಇದ್ದ 385 ಮಹಿಳೆಯರೊಡನೆ ನಡೆಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ರಿಫ್ಲೆಕ್ಸಾಲಜಿ, ಇನ್ನೊಂದಕ್ಕೆ ತರಬೇತಿಯಿಲ್ಲದವರಿಂದ ಸಾಮಾನ್ಯವಾಗಿ ಪಾದ ನೀವುವಿಕೆ, ಮತ್ತೊಂದಕ್ಕೆ ಎಂದಿನ ಆರೈಕೆ. ನೋವು, ವಾಕರಿಕೆ, ಆತಂಕಗಳಲ್ಲಿ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಆದರೆ ರಿಫ್ಲೆಕ್ಸಾಲಜಿ ಪಡೆದವರಲ್ಲಿ ಉಸಿರಾಟದ ಕಷ್ಟ ತಗ್ಗಿತು, ದೈನಂದಿನ ಚಟುವಟಿಕೆ ಸುಧಾರಿಸಿತು. ಸಾಮಾನ್ಯ ನೀವುವಿಕೆ ಪಡೆದವರಲ್ಲಿ ಆಯಾಸ ಕಡಿಮೆಯಾಯಿತು. ಕ್ಯಾನ್ಸರ್ ಗುಣವಾಗುತ್ತದೆಂದು ಯಾರೂ ಹೇಳಲಿಲ್ಲ; ಬಳಲಿದ ದೇಹಕ್ಕೆ ಒಂದಿಷ್ಟು ಆಸರೆ ದೊರೆಯಿತು, ಅಷ್ಟೇ. ಆ ಆಸರೆಯೂ ಸಣ್ಣದೇನಲ್ಲ.

ಹಿತ ಎಲ್ಲಿಂದ?

ನಕ್ಷೆ ನಿಲ್ಲದಿದ್ದರೂ ಹಿತ ಸುಳ್ಳಲ್ಲ. ಒಂದು ಪಾದದಲ್ಲಿ 26 ಮೂಳೆಗಳಿವೆ. ದಿನವಿಡೀ ನಮ್ಮ ಭಾರ ಹೊರುವ ಅದರ ಪುಟ್ಟ ಸ್ನಾಯುಗಳು ನೀವಿದಾಗ ಸಡಿಲಗೊಳ್ಳುತ್ತವೆ. ಅಂಗಾಲಿನ ಚರ್ಮ ಒತ್ತಡ ಮತ್ತು ಕಂಪನಗಳನ್ನು ಗ್ರಹಿಸುವ ಸಂವೇದಕಗಳಿಂದ ತುಂಬಿದೆ. ಆ ಸ್ಪರ್ಶದ ಸಂದೇಶಗಳು ನೋವಿನ ಸಂದೇಶವನ್ನು ಬೆನ್ನುಹುರಿಯಲ್ಲಿಯೇ ತಗ್ಗಿಸಬಲ್ಲವೆಂಬುದು ಮೆಲ್ಜಾಕ್ ಮತ್ತು ವಾಲ್ ಅವರು 1965ರಲ್ಲಿ ಮಂಡಿಸಿದ ಸಿದ್ಧಾಂತದ ತಿರುಳು. ಏಟು ಬಿದ್ದ ಜಾಗವನ್ನು ನಾವು ತಾನಾಗಿಯೇ ಉಜ್ಜಿಕೊಳ್ಳುವುದು ಇದೇ ಕಾರಣಕ್ಕೆ.

ಬೆಚ್ಚಗಿನ ಪಾದಕ್ಕೂ ನಿದ್ದೆಗೂ ನಂಟಿದೆ. ಪಾದದ ರಕ್ತನಾಳಗಳು ಹಿಗ್ಗಿದಾಗ ದೇಹದೊಳಗಿನ ಶಾಖ ಹೊರಹೋಗುತ್ತದೆ. ಒಳತಾಪ ಇಳಿದಂತೆ ನಿದ್ದೆ ಹತ್ತುತ್ತದೆ. ಪಾದ ಬೆಚ್ಚಗಿದ್ದವರಿಗೆ ಬೇಗ ನಿದ್ದೆ ಬರುತ್ತದೆಂಬುದನ್ನು ಸ್ವಿಟ್ಜರ್ಲೆಂಡಿನ ಸಂಶೋಧಕರು 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಇದಲ್ಲದೆ, ಅರ್ಧ ಗಂಟೆ ಫೋನಿಲ್ಲದೆ ಕಾಲು ಚಾಚಿ ಕುಳಿತು, ಮತ್ತೊಬ್ಬರು ಅಕ್ಕರೆಯಿಂದ ಮುಟ್ಟಿದರೆ ಯಾರಿಗಾದರೂ ಮನಸ್ಸು ಹಗುರಾಗುತ್ತದೆ. ಇದಕ್ಕೆ ನಕ್ಷೆಯ ಹಂಗು ಬೇಕಿಲ್ಲ.

ಅಮ್ಮನ ಪಾದ

ಮೂರನೆಯ ಪ್ರಶ್ನೆಯನ್ನು ನಾನು ಕಲಿತದ್ದು ನನ್ನ ಮನೆಯಲ್ಲಿ. ಕೆಲವು ವರ್ಷಗಳ ಹಿಂದೆ ಅಮ್ಮ ನಮ್ಮಲ್ಲಿಗೆ ಬಂದಿದ್ದರು. ಇಪ್ಪತ್ತು ವರ್ಷದ ಮಧುಮೇಹ, ಆದರೂ ಚಟುವಟಿಕೆಯಿಂದಿದ್ದವರು. ಪ್ರಯಾಣದ ದಣಿವು ಕಳೆಯಲೆಂದು ನಾನೇ ಅವರನ್ನು ಪಾದ ಒತ್ತಿಸುವ ಅಂಗಡಿಯೊಂದಕ್ಕೆ ಕರೆದೊಯ್ದೆ. ಮೊದಲು ಬಿಸಿನೀರಿನಲ್ಲಿ ಕಾಲಿಡಿಸಿದರು. ಪಕ್ಕದಲ್ಲೇ ಕುಳಿತಿದ್ದ ನಾನು ಆ ನೀರಿಗೆ ಕೈಯದ್ದಿ ನೋಡಲಿಲ್ಲ. ಮರುದಿನ ಬೆಳಗ್ಗೆ ಎರಡೂ ಪಾದಗಳ ಮೇಲೆ ನೀರುಗುಳ್ಳೆ. ‘ಹಿತವಾಗೇ ಇತ್ತಮ್ಮ, ಸುಟ್ಟ ಹಾಗೆ ಅನ್ನಿಸಲೇ ಇಲ್ಲ’ ಎಂದರು ಅಮ್ಮ. ಅವರ ಪಾದದಲ್ಲಿ ಸಂವೇದನೆ ಅಷ್ಟರಮಟ್ಟಿಗೆ ಕುಂದಿದೆಯೆಂದು ಅವರಿಗೂ ಗೊತ್ತಿರಲಿಲ್ಲ, ದಿನವೂ ಇತರರ ಪಾದ ಪರೀಕ್ಷಿಸುವ ನನಗೂ ಗೊತ್ತಿರಲಿಲ್ಲ. ಗಾಯ ಮಾಯಲು ಏಳು ವಾರ ಹಿಡಿಯಿತು. ಸೋಂಕು ಮೂಳೆಗಿಳಿಯದೆ ಹೋದದ್ದು ನಮ್ಮ ಅದೃಷ್ಟ.

ಅಂಗಡಿಯವರನ್ನು ದೂರಿ ಪ್ರಯೋಜನವಿರಲಿಲ್ಲ. ಅಮ್ಮನಿಗೆ ಮಧುಮೇಹವಿದೆಯೆಂದು ನಾನೇ ಅವರಿಗೆ ಹೇಳಿರಲಿಲ್ಲ. ಆದ್ದರಿಂದ ಕೆಳಗಿನ ಮಾತುಗಳು.

ಮಧುಮೇಹ ಇರುವವರು ವರ್ಷಕ್ಕೊಮ್ಮೆಯಾದರೂ ವೈದ್ಯರಿಂದ ಪಾದಪರೀಕ್ಷೆ ಮಾಡಿಸಿಕೊಳ್ಳಬೇಕು. 10 ಗ್ರಾಂ ಒತ್ತಡದ ನೈಲಾನ್ ಎಳೆಯಿಂದ ಅಂಗಾಲನ್ನು ಮುಟ್ಟಿ, 128 ಹರ್ಟ್ಜ್‌ನ ಶ್ರುತಿಕವೆಯ ಕಂಪನ ತಿಳಿಯುತ್ತದೆಯೇ ಎಂದು ನೋಡುವ ಈ ಪರೀಕ್ಷೆಗೆ ನೋವಿಲ್ಲ, ಕೆಲವೇ ನಿಮಿಷ ಸಾಕು. ಊರಿನಿಂದ ಹೊರಡುವ ಮೊದಲೇ ಹಿರಿಯರಿಗೆ ಇದನ್ನು ಮಾಡಿಸುವುದು ಲೇಸು. ಸಂವೇದನೆ ಕುಂದಿದ್ದರೆ ಅಂಗಡಿಯ ಬಿಸಿನೀರಿನ ತೊಟ್ಟಿ, ಬಿಸಿಕಲ್ಲು, ಬಲವಾದ ಒತ್ತುವಿಕೆ ಇವು ಮೂರೂ ಬೇಡ.

ಎರಡನೆಯದು ದೀರ್ಘ ಪ್ರಯಾಣ. ಬೆಂಗಳೂರಿನಿಂದ ಡಲ್ಲಸ್ ಅಥವಾ ಅಟ್ಲಾಂಟಾ ತಲುಪಲು ಸಾಮಾನ್ಯವಾಗಿ ಇಪ್ಪತ್ತು ಗಂಟೆಗೂ ಹೆಚ್ಚು ಬೇಕು. ನಾಲ್ಕು ಗಂಟೆ ಮೀರಿದ ಪ್ರಯಾಣದಿಂದ ಕಾಲಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಇಮ್ಮಡಿಯಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ ತಿಳಿಸಿತು. ಒಂದೇ ಕಾಲು ಊದಿ, ಮೀನಖಂಡ ನೋಯುತ್ತಿದ್ದರೆ ಅದನ್ನು ಪ್ರಯಾಣದ ಆಯಾಸವೆಂದು ತಿಳಿದು ಒತ್ತಬಾರದು. ಅದೇ ದಿನ ವೈದ್ಯರಿಗೆ ತೋರಿಸಬೇಕು. ಜೊತೆಗೆ ಉಸಿರು ಕಟ್ಟಿದರೆ ಅಥವಾ ಎದೆ ನೋವು ಬಂದರೆ 911ಕ್ಕೆ ಕರೆ ಮಾಡಬೇಕು.

ಪಾದದಲ್ಲಿ ಹುಣ್ಣು, ಕೆಂಪಗಿನ ಬಾವು, ಇತ್ತೀಚಿನ ಮೂಳೆಮುರಿತ ಅಥವಾ ಶಸ್ತ್ರಚಿಕಿತ್ಸೆ ಇದ್ದಾಗ ಒತ್ತಿಸಿಕೊಳ್ಳಬಾರದು. ರಕ್ತ ತೆಳುವಾಗಿಸುವ ಔಷಧ ಸೇವಿಸುವವರು, ಕಾಲಿನ ರಕ್ತಸಂಚಾರ ಕುಂದಿದವರು, ಗರ್ಭಿಣಿಯರು ಮೊದಲು ತಮ್ಮ ವೈದ್ಯರನ್ನು ಕೇಳಬೇಕು. ಯಾರೇ ಆಗಲಿ, ‘ಅಂಗಾಲು ಒತ್ತಿದರೆ ಸಾಕು, ಮಾತ್ರೆ ಬಿಡಿ’ ಎಂಬ ಮಾತಿಗೆ ಕಿವಿಗೊಡಬಾರದು.

ಮನೆಯಲ್ಲಿಯೇ ಮಾಡುವ ಬಗೆ

ಮೊದಲು ಬೆಳಕಿನಲ್ಲಿ ಪಾದವನ್ನು ನೋಡಿ: ಬೆರಳ ಸಂದು, ಹಿಮ್ಮಡಿಯ ಒಡಕು, ಆಣಿ, ಬಣ್ಣ. ಕಾಲನ್ನು ಬೆಚ್ಚಗಿನ ನೀರಿನಲ್ಲಿ ತೊಳೆಯುವುದಾದರೆ ನೀರು 95 ಡಿಗ್ರಿ ಫ್ಯಾರನ್‌ಹೀಟ್ ಮೀರದಿರಲಿ. ಮೊಣಕೈಯಿಂದಲೋ ತಾಪಮಾಪಕದಿಂದಲೋ ಮತ್ತೊಬ್ಬರು ಪರೀಕ್ಷಿಸಲಿ. ಒರೆಸಿದ ಮೇಲೆ ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆಯನ್ನು ಅಂಗೈಯಲ್ಲಿ ತುಸುವೇ ಹಚ್ಚಿಕೊಂಡು ಹಿಮ್ಮಡಿಯಿಂದ ಬೆರಳಿನ ಕಡೆಗೆ ನಿಧಾನವಾಗಿ ನೀವಿ. ಪಾದದ ಕಮಾನಿನ ಮೇಲೆ ಹೆಬ್ಬೆರಳಿನಿಂದ ಹಿತವೆನಿಸುವಷ್ಟೇ ಒತ್ತಿ, ಪ್ರತಿ ಬೆರಳನ್ನೂ ಮೃದುವಾಗಿ ತಿರುಗಿಸಿ, ಕಾಲಿನ ಹರಡನ್ನು ಎರಡೂ ಕಡೆಗೆ ಆಡಿಸಿ. ಒಂದೊಂದು ಪಾದಕ್ಕೆ ಹತ್ತು ನಿಮಿಷ ಸಾಕು. ನೋವಾದರೆ ನಿಲ್ಲಿಸಿ; ‘ನೋವಿದ್ದಲ್ಲಿ ದೋಷವಿದೆ, ಇನ್ನೂ ಒತ್ತಬೇಕು’ ಎಂಬುದಕ್ಕೆ ಆಧಾರವಿಲ್ಲ. ಬೆರಳ ಸಂದುಗಳಲ್ಲಿ ಎಣ್ಣೆ ಉಳಿಯದಂತೆ ಒರೆಸಿ. ಇಲ್ಲಿನ ಮರದ ನೆಲದ ಮೇಲೆ ಎಣ್ಣೆಗಾಲು ಜಾರುತ್ತದೆ. ಕಾಲುಚೀಲ ತೊಟ್ಟು, ಅದರ ಮೇಲೆ ಜಾರದ ಪಾದರಕ್ಷೆ ಹಾಕಿಕೊಂಡೇ ಏಳಬೇಕು.

ಹೊರಗೆ ಹೋಗುವುದಾದರೆ ಪರವಾನಗಿ ಕೇಳಲು ಸಂಕೋಚ ಬೇಡ. ಅಂಗಮರ್ದನ ಮಾಡುವವರಿಗೆ ವರ್ಜೀನಿಯಾದಲ್ಲಿ ಪರವಾನಗಿ ಕೊಡುವುದು ರಾಜ್ಯದ ನರ್ಸಿಂಗ್ ಮಂಡಳಿ; ಮೇರಿಲ್ಯಾಂಡ್, ಜಾರ್ಜಿಯಾ, ಉತ್ತರ ಕೆರೊಲಿನಾಗಳಲ್ಲಿ ಇದಕ್ಕೆಂದೇ ಮಂಡಳಿಗಳಿವೆ. ಪರವಾನಗಿ ಇದ್ದರೂ ನಿಮ್ಮ ಕಾಯಿಲೆ, ಔಷಧಗಳ ವಿವರವನ್ನು ಮೊದಲೇ ಹೇಳಿ. ಹಿರಿಯರಿಗೆ ಭಾಷೆ ತೊಡಕಾದರೆ ನೀವೇ ಹೇಳಿ. ನೀರಿಗೆ ನಿಮ್ಮ ಕೈಯನ್ನೇ ಮೊದಲು ಅದ್ದಿ.

ಅಮ್ಮ ಈಗ ಊರಿನಲ್ಲಿದ್ದಾರೆ. ರಾತ್ರಿ ಅಂಗಾಲಿಗೆ ಎಣ್ಣೆ ಹಚ್ಚುವುದನ್ನು ಅವರು ಬಿಟ್ಟಿಲ್ಲ, ನಾನೂ ಬಿಡೆಂದು ಹೇಳಿಲ್ಲ. ಒಂದು ಪುಟ್ಟ ಕನ್ನಡಿ ಮಾತ್ರ ಎಣ್ಣೆಯ ಬಟ್ಟಲಿನ ಪಕ್ಕದಲ್ಲಿರುತ್ತದೆ. ಮೊದಲು ಕನ್ನಡಿಯಲ್ಲಿ ಎರಡೂ ಅಂಗಾಲುಗಳನ್ನು ನೋಡಿಕೊಳ್ಳುತ್ತಾರೆ, ಎಣ್ಣೆ ಆಮೇಲೆ.