ಪಾಸ್‌ಪೋರ್ಟಿನ ಮೂರು ಅಕ್ಷರ

ನಮ್ಮಂಥ ಮನೆಗಳಲ್ಲಿ ಐವತ್ತು ದಾಟಿದ ಮೇಲೆ ಮೊದಲ ಸಲ ವಿಮಾನ ಹತ್ತುವವರೆಂದರೆ ಮಗಳ ಬಾಣಂತನಕ್ಕೆ ಹೊರಟ ತಾಯಂದಿರು. ದೀಪಾಂಜಲಿ ನಗರದ ನಮ್ಮ ರಸ್ತೆಯೊಂದರಲ್ಲೇ ಹಾಗೆ ಅಮೆರಿಕ, ಆಸ್ಟ್ರೇಲಿಯಾ ನೋಡಿ ಬಂದವರು ಐದಾರು ಮಂದಿ ಇದ್ದಾರೆ. ಅವರ ಆತಂಕಗಳೆಲ್ಲ ನನಗೆ ಬಾಯಿಪಾಠ. ಬಾಣಂತಿ ಖಾರದ ಪುಡಿಯನ್ನು ಕಸ್ಟಮ್ಸಿನವರು ಕಿತ್ತುಕೊಂಡರೆ? ನಡುವೆ ವಿಮಾನ ಬದಲಿಸುವ ಕಡೆ ದಾರಿ ತಪ್ಪಿದರೆ? ಇಷ್ಟಾದರೂ ಆ ಕಡೆ ಬಾಗಿಲಲ್ಲಿ ಅಳಿಯ ಕಾಯುತ್ತಿರುತ್ತಾನೆ.

ಇದೇ ಬಡಾವಣೆಯಲ್ಲಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರ ವಠಾರಗಳೂ ಇವೆ. ಅಲ್ಲಿಂದಲೂ ಹೊರದೇಶಕ್ಕೆ ಹೋಗುವವರಿದ್ದಾರೆ, ಕುವೈತಿಗೆ, ಮಸ್ಕತ್ತಿಗೆ, ಮನೆಕೆಲಸಕ್ಕೆ. ಅವರಿಗಾಗಿ ಆ ಕಡೆ ಬಾಗಿಲಲ್ಲಿ ಕಾಯುವವರು ಯಾರೆಂದು ಹೊರಡುವ ದಿನದವರೆಗೂ ಅವರಿಗೇ ಗೊತ್ತಿರುವುದಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿ ಮನೆಗೆ ಬಂದಿದ್ದರು. ಮಗಳಿಗೆ ಇಪ್ಪತ್ತೆರಡು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಗಿ, ಮತ್ತೆ ಕಟ್ಟಲೇ ಇಲ್ಲ. ಯಾರೋ ಏಜೆಂಟು ಕುವೈತಿನಲ್ಲಿ ಕೆಲಸ ಕೊಡಿಸುತ್ತೇನೆಂದಿದ್ದ. "ಟೀಚರಮ್ಮ, ಪಾಸ್‌ಪೋರ್ಟಲ್ಲಿ ಇ.ಸಿ.ಆರ್. ಅಂತ ಬಂದಿದೆ. ಅದಿದ್ರೆ ಕೆಲಸಕ್ಕೆ ಬಿಡಲ್ಲವಂತೆ. ವಿಸಿಟ್ ವೀಸಾದಲ್ಲಿ ಕಳಿಸ್ತೀನಿ ಅಂತಾನೆ, ಒಳಗೆ ಹೋದ್ಮೇಲೆ ಎಲ್ಲ ಸರಿಹೋಗುತ್ತಂತೆ" ಎಂದರು. ಆಮೇಲೆ ದನಿ ತಗ್ಗಿಸಿ, "ಫೇಲಾಗಿದಾಳೆ ಅಂತ ಗೌರ್ಮೆಂಟು ಪಾಸ್‌ಪೋರ್ಟ್ ಮೇಲೂ ಬರೀಬೇಕಿತ್ತಾ?" ಎಂದು ಕೇಳಿದರು.

ಆ ಪ್ರಶ್ನೆ ನನಗೆ ನಾಟಿತು. ನಾನು ಚರಿತ್ರೆಯ ಟೀಚರು. ಆ ಮುದ್ರೆಯ ಹಿಂದೆ ಎಷ್ಟು ಹಳೆಯ ಕಥೆ ಇದೆ ಎಂಬುದು ಗೊತ್ತಿತ್ತು. ಆದರೆ ಎದುರಿಗೆ ಕುಳಿತ ತಾಯಿಗೆ ಅದು ಮಗಳ ಹಣೆಯ ಮೇಲಿನ ಬರೆಯಂತೆ ಕಂಡಿತ್ತು.

ಇ.ಸಿ.ಆರ್. ಎಂದರೆ ಎಮಿಗ್ರೇಷನ್ ಚೆಕ್ ರಿಕ್ವೈರ್ಡ್. ಹತ್ತನೆಯ ತರಗತಿ ಪಾಸಾಗದವರು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ ಕೆಲವು ಗೊತ್ತಾದ ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ಸರ್ಕಾರದ ಅಧಿಕಾರಿಯೊಬ್ಬರು ಅವರ ಕಾಗದಪತ್ರ ನೋಡಿ ಒಪ್ಪಬೇಕು. ಸಂಬಳವೆಷ್ಟು, ಮಾಲೀಕ ಯಾರು, ಕರಾರು ಎಷ್ಟು ವರ್ಷದ್ದು ಎಂಬುದೆಲ್ಲ ಅಲ್ಲಿ ದಾಖಲಾಗಬೇಕು. ಆ ಅಧಿಕಾರಿಯ ಹೆಸರೇ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್, ವಲಸೆ ಹೋಗುವವರ ರಕ್ಷಕ.

ಈ 'ರಕ್ಷಕ' ಹೊಸಬನಲ್ಲ. ಬ್ರಿಟಿಷರು ತಮ್ಮ ವಸಾಹತುಗಳಲ್ಲಿ ಗುಲಾಮಗಿರಿಯನ್ನು ನಿಲ್ಲಿಸಿದ ಮೇಲೆ ಕಬ್ಬಿನ ತೋಟಗಳಿಗೆ ಆಳು ಸಾಲದೆ, 1834ರಿಂದ ನಮ್ಮ ಜನರನ್ನು ಐದು ವರ್ಷದ ಕರಾರಿನ ಮೇಲೆ ಮಾರಿಷಸ್ಸಿಗೂ ಆಮೇಲೆ ಟ್ರಿನಿಡಾಡ್, ಗಯಾನಾ, ನಟಾಲ್, ಫಿಜಿಗಳಿಗೂ ಸಾಗಿಸಿದರು. ಮದರಾಸು ಬಂದರಿನಿಂದ ಫಿಜಿಗೆ ಹಡಗು ಹೊರಟದ್ದು 1903ರಿಂದ. ಅಗ್ರಿಮೆಂಟ್ ಎಂಬ ಮಾತು ಅವರ ನಾಲಗೆಯಲ್ಲಿ 'ಗಿರ್ಮಿಟ್' ಆಯಿತು. (ಹುಬ್ಬಳ್ಳಿಯ ಗಿರ್ಮಿಟ್ ಬೇರೆ, ಮಕ್ಕಳು ತರಗತಿಯಲ್ಲಿ ಇದನ್ನು ಕೇಳಿ ನಗುತ್ತಾರೆ.) ಹಡಗು ಹತ್ತುವ ಮುನ್ನ ಪ್ರೊಟೆಕ್ಟರನ ಕಚೇರಿಯಲ್ಲಿ, ಇಷ್ಟಪಟ್ಟು ಹೋಗುತ್ತಿದ್ದೀಯಾ ಎಂದು ಕೇಳುತ್ತಿದ್ದರು. ಹೂಂ ಎನ್ನಬೇಕೆಂದು ದಲ್ಲಾಳಿ ಮೊದಲೇ ಹೇಳಿಕೊಟ್ಟಿರುತ್ತಿದ್ದ.

ಹೆಂಗಸರ ಪಾಡು ಇನ್ನೂ ಕಷ್ಟದ್ದು. ನೂರು ಗಂಡಸರಿಗೆ ನಲವತ್ತು ಹೆಂಗಸರು ಹಡಗಿನಲ್ಲಿ ಇರಲೇಬೇಕೆಂಬ ನಿಯಮವಿತ್ತು. ಆದ್ದರಿಂದ ಹೆಂಗಸರನ್ನು ಕರೆತಂದ ದಲ್ಲಾಳಿಗೆ ಹೆಚ್ಚು ಹಣ. ಗಂಡ ಬಿಟ್ಟವರು, ವಿಧವೆಯರು, ತೀರ್ಥಯಾತ್ರೆಯಲ್ಲಿ ಮನೆಯವರಿಂದ ತಪ್ಪಿಸಿಕೊಂಡವರು ಅವನ ಬಲೆಗೆ ಬೀಳುತ್ತಿದ್ದರು. ಇದರ ವಿರುದ್ಧ ದೇಶದಲ್ಲೆಲ್ಲ ಕೂಗೆದ್ದು, 1917ರಲ್ಲಿ ಈ ಸಾಗಾಟ ನಿಂತಿತು. 1922ರಲ್ಲಿ ವಲಸೆಗೆ ಹೊಸ ಕಾಯಿದೆ ಬಂತು. ಎಪ್ಪತ್ತರ ದಶಕದಲ್ಲಿ ಎಣ್ಣೆಯ ಹಣ ಕೊಲ್ಲಿಗೆ ಹರಿದು, ನಮ್ಮವರು ಸಾವಿರಗಟ್ಟಲೆ ಹೊರಟ ಮೇಲೆ 1983ರಲ್ಲಿ ಇನ್ನೊಂದು ಕಾಯಿದೆಯಾಯಿತು. ಪ್ರೊಟೆಕ್ಟರನ ಹೆಸರು ಮಾತ್ರ ಹಾಗೆಯೇ ಉಳಿದುಬಂತು.

ಆ ಕಾಯಿದೆಯಡಿ ಆಳು ಕಳಿಸುವ ಏಜೆಂಟು ಸರ್ಕಾರದಲ್ಲಿ ನೋಂದಾಯಿಸಿಕೊಂಡು ಲೈಸೆನ್ಸ್ ಪಡೆದಿರಬೇಕು. ಅವನು ಇಷ್ಟೇ ಶುಲ್ಕ ತೆಗೆದುಕೊಳ್ಳಬೇಕೆಂಬ ಮಿತಿಯೂ ಇದೆ. ಮುದ್ರೆಯಿದ್ದು ಕ್ರಮವಾಗಿ ಹೋದವರಿಗೆ ಹತ್ತು ಲಕ್ಷದ ಅಪಘಾತ ವಿಮೆ ಸಿಗುತ್ತದೆ. ವಿಸಿಟ್ ವೀಸಾದಲ್ಲಿ ಹೋದವಳು ಲೆಕ್ಕಕ್ಕೆ ಪ್ರವಾಸಿ, ಕೆಲಸದವಳೇ ಅಲ್ಲ. ಸಂಬಳ ಬರದಿದ್ದರೆ ತೋರಿಸಲು ಕರಾರೇ ಇರುವುದಿಲ್ಲ. ಆ ತಾಯಿಗೆ ನಾನು ಹೇಳಿದ್ದು ಇದನ್ನೇ. ಏಜೆಂಟನ ಲೈಸೆನ್ಸ್ ನಂಬರು ಕೇಳಿ ಎಂದೆ. ಕೇಳಿದ ಮೇಲೆ ಅವನು ಆ ವಠಾರದ ಕಡೆ ಸುಳಿಯಲಿಲ್ಲವಂತೆ.

ಹಾಗೆಂದು ಸರ್ಕಾರದ ನಿಯಮಗಳನ್ನೆಲ್ಲ ನಾನು ಹೊಗಳಲಾರೆ. ಇಂಥ ಪಾಸ್‌ಪೋರ್ಟಿರುವ ಹೆಂಗಸು ಮೂವತ್ತು ತುಂಬದೆ ಈ ದೇಶಗಳಿಗೆ ಮನೆಕೆಲಸಕ್ಕೆ ಹೋಗುವಂತಿಲ್ಲ ಎಂದಿಟ್ಟರು. ಅದೇ ವಯಸ್ಸಿನ ಗಂಡು ಮೇಸ್ತ್ರಿ ಕೆಲಸಕ್ಕೆ ಹೋಗಬಹುದು. 2016ರಲ್ಲಿ, ಹೆಂಗಸರನ್ನು ಸರ್ಕಾರಿ ಸಂಸ್ಥೆಗಳ ಮೂಲಕವೇ ಕಳಿಸಬೇಕೆಂದು ಇನ್ನೊಂದು ಬಿಗಿ ಮಾಡಿದರು. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಮುಂಬಾಗಿಲಿಗೆ ಚಿಲಕ ಹಾಕಿದರೆ, ಹಸಿದವಳು ಹಿತ್ತಿಲಿನಿಂದ ಹೋಗುತ್ತಾಳೆ. ಆ ಹಿತ್ತಿಲ ಬಾಗಿಲೇ ವಿಸಿಟ್ ವೀಸಾ. ಇನ್ನೊಂದು ವಿಚಿತ್ರವೆಂದರೆ, ಗಣಿತದಲ್ಲಿ ಮೂವತ್ತೈದು ತೆಗೆದಿದ್ದರೆ ಆ ಹುಡುಗಿಗೆ ಯಾರ ತಪಾಸಣೆಯೂ ಇರುತ್ತಿರಲಿಲ್ಲ. ಪೈಥಾಗೊರಸ್ ಪ್ರಮೇಯ ಬಂದವಳನ್ನು ಮಾಲೀಕ ಕೂಡಿಹಾಕುವುದಿಲ್ಲ ಎಂದು ಯಾರು ಹೇಳಿದರು?

ಕುವೈತ್ ಎಂದರೆ ನನಗೆ 1990ರ ಆಗಸ್ಟ್ ನೆನಪಾಗುತ್ತದೆ. ಆಗ ನಾನು ಕಾಲೇಜಿನಲ್ಲಿದ್ದೆ. ಹಾಸ್ಟೆಲಿನಲ್ಲಿ ನನ್ನ ಕೋಣೆಯವಳು ಉಡುಪಿ ಕಡೆಯವಳು, ಅವಳ ಅಕ್ಕ ಭಾವ ಕುವೈತಿನಲ್ಲಿದ್ದರು. ಆಗಸ್ಟ್ 2ರಂದು ಇರಾಕಿನ ಸೇನೆ ಒಳನುಗ್ಗಿತು. ಅಲ್ಲಿದ್ದ ಭಾರತೀಯರು ಒಂದೂವರೆ ಲಕ್ಷಕ್ಕೂ ಮಿಕ್ಕು, ಅವರಲ್ಲಿ ನಮ್ಮ ಕರಾವಳಿಯವರೂ ಬಹಳ. ಫೋನಿಲ್ಲ, ಕಾಗದವಿಲ್ಲ. ರಾತ್ರಿ ರೇಡಿಯೋ ವಾರ್ತೆಯ ಹೊತ್ತಿಗೆ ಕಾರಿಡಾರಿನಲ್ಲಿ ಒಬ್ಬರೂ ಮಾತಾಡುತ್ತಿರಲಿಲ್ಲ. ವಿದೇಶಾಂಗ ಸಚಿವ ಐ. ಕೆ. ಗುಜ್ರಾಲ್ ಬಾಗ್ದಾದಿಗೆ ಹೋಗಿ ಸದ್ದಾಂ ಹುಸೇನರನ್ನು ಕಂಡರು. ಜನ ಬಸ್ಸುಗಳಲ್ಲಿ ಇರಾಕನ್ನು ದಾಟಿ, ಮರುಭೂಮಿಯ ಶಿಬಿರಗಳಲ್ಲಿ ಕಾದು, ಜೋರ್ಡಾನಿನ ಅಮ್ಮಾನ್ ತಲುಪಿದರು. ಅಲ್ಲಿಂದ ಏರ್ ಇಂಡಿಯಾ ಸುಮಾರು ಎರಡು ತಿಂಗಳು ವಿಮಾನ ಹಾರಿಸಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಬೊಂಬಾಯಿಗೆ ತಂದಿತು.

ಅಕ್ಕ ಭಾವ ಬಂದದ್ದು ಸೆಪ್ಟೆಂಬರಿನಲ್ಲಿ. ತಡವಾದುದಕ್ಕೆ ಕಾರಣ ಬಾಂಬಲ್ಲ, ಭಾವನ ಪಾಸ್‌ಪೋರ್ಟು. ಅದು ಮಾಲೀಕನ ಬೀರುವಿನಲ್ಲಿತ್ತು, ಮಾಲೀಕ ಊರು ಬಿಟ್ಟು ಹೋಗಿದ್ದ. ಅಲ್ಲಿ ಆಳುಗಳ ಪಾಸ್‌ಪೋರ್ಟನ್ನು ಮಾಲೀಕರು ಇಟ್ಟುಕೊಳ್ಳುವುದು ವಾಡಿಕೆಯಾಗಿತ್ತು. ಕುವೈತ್ 2015ರಲ್ಲಿ ಮನೆಕೆಲಸದವರಿಗೆಂದೇ ಕಾನೂನು ಮಾಡಿ, ಹಾಗೆ ಒಪ್ಪಿಗೆಯಿಲ್ಲದೆ ಇಟ್ಟುಕೊಳ್ಳಬಾರದು ಎಂದಿತು. ಹಾಗಿದ್ದೂ ಮೊದಲ ದಿನವೇ ಕೇಳಿ ತೆಗೆದಿಟ್ಟುಕೊಳ್ಳುವ ಮನೆಗಳು ಇವೆಯೆಂದು ಹೋಗಿಬಂದವರು ಹೇಳುತ್ತಾರೆ.

ಯುದ್ಧ ಮುಗಿದು ಒಂದು ವರ್ಷಕ್ಕೆ ಆ ಅಕ್ಕ ಮತ್ತೆ ಕುವೈತಿಗೇ ಹೋದರು. ಸಾಲ ತೀರಬೇಕಿತ್ತು. ಈ ಸಲ ಇಬ್ಬರ ಪಾಸ್‌ಪೋರ್ಟು, ವೀಸಾ, ಕರಾರು ಎಲ್ಲಕ್ಕೂ ಮೂರು ಮೂರು ಜೆರಾಕ್ಸ್ ಮಾಡಿಸಿದರಂತೆ. ಒಂದನ್ನು ಸೂಟ್‌ಕೇಸಿನ ತಳಕ್ಕೆ, ಒಂದನ್ನು ಪಕ್ಕದ ಮನೆಯ ಮಲಯಾಳಿ ನರ್ಸಿಗೆ. ಮೂರನೆಯದನ್ನು ಉಡುಪಿಯ ತಾಯಿ ದೇವರ ಗೂಡಿನಲ್ಲಿ, ಪಂಚಾಂಗದ ಅಡಿಯಲ್ಲಿ ಇಟ್ಟುಕೊಂಡಿದ್ದರು.