ಕಾಲಂ 3, ಕಾಲಂ 9

ಕಡತವನ್ನು ಸಾಲುಸಾಲಾಗಿ ಓದುವ ಪ್ರೋಗ್ರಾಮಿಗೆ ಕೆಟ್ಟ ಸಾಲು ಎದುರಾದರೆ ಮೂರು ದಾರಿಗಳಿವೆ: ಅಲ್ಲೇ ನಿಂತುಬಿಡುವುದು, ಸದ್ದಿಲ್ಲದೆ ಆ ಸಾಲನ್ನು ಹಾರಿಸುವುದು, ಇಲ್ಲವೇ ಸಾಲಿನ ನಂಬರು ಬರೆದಿಟ್ಟುಕೊಂಡು ಮುಂದೆ ಸಾಗಿ ಆಮೇಲೆ ಮೂಲಕ್ಕೆ ಮರಳಿ ತಿದ್ದುವುದು. ಇಂಥ ಕಡತಕ್ಕೆ ಮೂರನೆಯದೇ ಸರಿಯಾದ ದಾರಿ. ಅದು ಕಂಪ್ಯೂಟರಿನ ಕಾಲದ ಬುದ್ಧಿಯೇನೂ ಅಲ್ಲ. ಧಾರವಾಡ ಸೀಮೆಯ ಹೊಲದ ಉತಾರ, ಅಂದರೆ ಪಹಣಿ, ನಿಂತದ್ದೇ ಅದರ ಮೇಲೆ. 1840ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ವಿಂಗೇಟನ ಸರ್ವೆ ಇಲ್ಲಿನ ಎರಿ ಹೊಲಗಳಿಗೆ ನಂಬರು ಹಾಕಿ, ಅಳತೆಯನ್ನು ಎಕರೆ-ಗುಂಟೆಗೆ ಇಳಿಸಿತು. 1903ರ ಮುಂಬಯಿ ಕಾಯ್ದೆ ಹಕ್ಕಿನ ದಾಖಲೆಯನ್ನು ತಂದಿತು. ಹಳೆಯ ಹೆಸರನ್ನು ಅಳಿಸಿ ಹೊಸದನ್ನು ಬರೆಯುವಂತಿಲ್ಲ. ಬದಲಾವಣೆಗೆ ಬೇರೆ ವಹಿಯಲ್ಲಿ ನಂಬರು ಬೀಳಬೇಕು, ಆ ನಂಬರು ಉತಾರಕ್ಕೆ ಬರಬೇಕು. ತಪ್ಪು ಹೊಕ್ಕರೂ ಯಾವ ಬಾಗಿಲಿಂದ ಹೊಕ್ಕಿತೆಂದು ಹುಡುಕಲು ಇದರಿಂದ ದಾರಿ ಉಳಿಯಿತು.

2000ದ ಆಸುಪಾಸಿನಲ್ಲಿ ಕೇಂದ್ರ ಸರ್ಕಾರದ ಎನ್‌ಐಸಿ ರೂಪಿಸಿದ 'ಭೂಮಿ' ತಂತ್ರಾಂಶಕ್ಕೆ ರಾಜ್ಯದ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಏರಿದವು. ಕೈಬರಹದ ಪಹಣಿ ಮಾನ್ಯತೆ ಕಳೆದುಕೊಂಡಿತು. 15 ರೂಪಾಯಿಗೆ ಅಚ್ಚಾದ ಪ್ರತಿ ಸಿಗತೊಡಗಿತು. ಆಗಲೇ ಕಾಲಂ 3 ಮತ್ತು 9ರ ತಾಳೆಯ ತಕರಾರು ಊರೂರಿನ ಮಾತಾಯಿತು. ಮೂರನೆಯದರಲ್ಲಿ ಸರ್ವೆ ನಂಬರಿನ ವಿಸ್ತೀರ್ಣ, ಒಂಬತ್ತರಲ್ಲಿ ಖಾತೆದಾರರ ಹೆಸರು ಮತ್ತು ಪಾಲು. ಖರಾಬು, ಅಂದರೆ ಸಾಗುವಳಿಗೆ ಬಾರದ ನೆಲ, ಕಳೆದು ಉಳಿದದ್ದಕ್ಕೂ ಪಾಲುಗಳ ಒಟ್ಟು ಮೊತ್ತಕ್ಕೂ ಹೊಂದಬೇಕು. ಗುಂಟೆಯ ಲೆಕ್ಕ ದಶಮಾಂಶಕ್ಕೆ ಒಗ್ಗುವಂಥದ್ದಲ್ಲ: 4 ಎಕರೆ 20 ಗುಂಟೆ ಎಂದರೆ ನಾಲ್ಕೂವರೆ ಎಕರೆ. ಅದನ್ನು 4.20 ಎಂದು ಓದಿದರೆ 12 ಗುಂಟೆ ಮಾಯ!

ಇದೆಲ್ಲ ಕಂಪ್ಯೂಟರಿನ ಅವಾಂತರ, ಕುಲಕರ್ಣಿ-ತಲಾಠಿಗಳ ಕಾಲವೇ ವಾಸಿ ಎನ್ನುವವರಿದ್ದಾರೆ. ಆ ಮಾತು ಪೂರ್ತಿ ನಿಲ್ಲುವುದಿಲ್ಲ; ಎಷ್ಟೋ ತಪ್ಪು ಕಾಗದದಲ್ಲೇ ಇತ್ತು. ಇದೇ ಸೀಮೆಯ ಕುಂದಗೋಳ 1948ರವರೆಗೆ ಜಮಖಂಡಿ ಸಂಸ್ಥಾನದಲ್ಲಿತ್ತು, ನವಲಗುಂದ ಮುಂಬಯಿ ಪ್ರಾಂತದಲ್ಲಿ. ಎರಡು ದಫ್ತರಗಳ ಕಾಗದ ಒಂದೇ ನಮೂನೆಗೆ ಬಂದು ಕೂತವು. ಮಲಪ್ರಭೆಯ ಕಾಲುವೆಗೆ ಹೋದ ಗುಂಟೆಗಳನ್ನು ಒಂದು ಕಾಲಂನಲ್ಲಿ ಕಳೆದು ಇನ್ನೊಂದರಲ್ಲಿ ಹಾಗೇ ಬಿಟ್ಟಿದ್ದರೆ ಆ ತಪ್ಪು ಲೇಖನಿಯದು. ಕಾಗದದಲ್ಲಿ ಮಲಗಿದ್ದದ್ದನ್ನು ಯಂತ್ರ ಕೂಡಿಸಿ ತೋರಿಸಿತು, ಅಷ್ಟೆ. ಹಿಂದೆ ಒಂದು ಗೀಟಿನಲ್ಲಿ ತಿದ್ದಲಾಗುತ್ತಿತ್ತು, ನಿಜ. ಆ ಸಲೀಸು ಲೇಖನಿ ಹಿಡಿದವನದಾಗಿತ್ತು, ಹೊಲದವನದಲ್ಲ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ತಾಳೆಯಾಗದ ಸಾಲನ್ನು ಒಳಗೆ ಬಿಟ್ಟುಕೊಂಡದ್ದಾದರೂ ಏಕೆ? ಬಿಡದಿದ್ದರೆ ಆ ಹೊಲಕ್ಕೆ ಪಹಣಿಯೇ ಇಲ್ಲ; ಸಾಲವಿಲ್ಲ, ಬೆಳೆಪರಿಹಾರವಿಲ್ಲ. ಹಾಗಾಗಿ ಬಿಟ್ಟುಕೊಂಡದ್ದು ಸರಿ. ಸೋತದ್ದು ಮೂಲಕ್ಕೆ ಮರಳುವ ಕೆಲಸದಲ್ಲಿ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೆಯ ಕಲಮಿನ ಪ್ರಕಾರ, ಸುಳ್ಳೆಂದು ರುಜುವಾತಾಗುವವರೆಗೆ ಅಥವಾ ಹೊಸ ನಮೂದು ಬರುವವರೆಗೆ ಪಹಣಿಯಲ್ಲಿದ್ದದ್ದೇ ನಿಜ. ಕಾನೂನು ಬೆರಳಚ್ಚಿನ ತಪ್ಪಿಗೂ ನಿಜದ ತೂಕವನ್ನೇ ಕೊಡುತ್ತದೆ. ಕಂದಾಯ ಅದಾಲತ್‌ಗಳು ನಡೆದವು. ಆದರೂ ಅರ್ಜಿ ಹಿಡಿದು ಕಚೇರಿಗೆ ಅಲೆಯುವವನು ರೈತನೇ. ಹಳೆಯ ಕೈಬರಹದ ಪ್ರತಿ ತಾಲೂಕು ಕಚೇರಿಯ ಅಭಿಲೇಖಾಲಯದಲ್ಲಿರುವಾಗ, ನಕಲಿನಲ್ಲಾದ ತಪ್ಪನ್ನು ಕಚೇರಿ ತಾನಾಗಿಯೇ, ತನ್ನ ಖರ್ಚಿನಲ್ಲಿ ತಿದ್ದಬೇಕು. ಅಲ್ಲಿಯವರೆಗೆ ಉತಾರ ತೆಗೆಸಿದವರು ಅದನ್ನು ಮಡಚಿ ಕಿಸೆಗಿಡುವ ಮೊದಲು ಒಂಬತ್ತನೆಯ ಕಾಲಂ ಒಮ್ಮೆ ಕೂಡಿಸಿ ನೋಡಿರಿ. ನಲವತ್ತು ಗುಂಟೆಗೆ ಒಂದು ಎಕರೆ.