ನೊಗದ ವಂಶಾವಳಿ

ನವಲಗುಂದದ ಎರೆಭೂಮಿಯಲ್ಲಿ ಇಂದು ಟ್ರ್ಯಾಕ್ಟರುಗಳು ಓಡಾಡುತ್ತಿದ್ದರೂ ಎತ್ತಿನ ಹೆಗಲಿನ ನೊಗವನ್ನು ರೈತರು ಮರೆತಿಲ್ಲ. ಈ ಎರಡಕ್ಷರದ ಮಾತಿನ ವಂಶಾವಳಿ ಬಲು ದೂರದ್ದು.

ನೊಗಕ್ಕೆ ಸಂಸ್ಕೃತದಲ್ಲಿ ‘ಯುಗ’ ಎನ್ನುವರು. ಗ್ರೀಕಿನಲ್ಲಿ ‘ಜುಗೋನ್’, ಲ್ಯಾಟಿನ್ನಿನಲ್ಲಿ ‘ಯುಗುಮ್’, ಇಂಗ್ಲಿಷಿನಲ್ಲಿ ‘ಯೋಕ್’. ಇಂಗ್ಲಿಷಿನಲ್ಲಿ ಗಕಾರವಿಲ್ಲವೇಕೆ? ಮೂಲದ ‘ಗ’ ಜರ್ಮಾನಿಕ್ ಭಾಷೆಗಳಲ್ಲಿ ‘ಕ’ ಆಗುವ ನಿಯಮವನ್ನು ಯಾಕೋಬ್ ಗ್ರಿಮ್ 1822ರಲ್ಲಿ ವಿವರಿಸಿದನು. ಇಂಥ ನಿಯಮಗಳ ಜಾಡು ಹಿಡಿದು ಪಂಡಿತರು, ಯಾವ ಬರಹದಲ್ಲಿಯೂ ಉಳಿಯದ ‘ಯುಗೋಮ್’ ಎಂಬ ಮೂಲರೂಪವನ್ನು ಕಟ್ಟಿದರು. 1915ರಲ್ಲಿ ಹ್ರೋಜ್ನಿ ಎಂಬ ವಿದ್ವಾಂಸನು ಹಿಟ್ಟೈಟ್ ಭಾಷೆಯ ಗುಟ್ಟನ್ನು ಬಿಡಿಸಿದನು. ಮೂರು ಸಾವಿರ ವರ್ಷಗಳಿಗೂ ಹಳೆಯದಾದ ಆ ಭಾಷೆಯಲ್ಲಿಯೂ ನೊಗವು ‘ಯುಗನ್’! ಊಹೆಗೆ ಸಾಕ್ಷಿ ದೊರೆಯಿತು.

ಕನ್ನಡವೋ ದ್ರಾವಿಡ ಭಾಷೆ. ಹಾಗಾದರೆ ‘ನೊಗ’ ನಮ್ಮದೇ, ಬಂದದ್ದೇ? ತಮಿಳಿನಲ್ಲಿ ಅದು ‘ನುಗಂ’. ಸಂಸ್ಕೃತದ ಯಮನು ತಮಿಳಿನಲ್ಲಿ ‘ನಮನ್’ ಆಗುತ್ತಾನೆ. ತಮಿಳಿನ ‘ಪುಗೈ’ಗೆ ಕನ್ನಡದಲ್ಲಿ ‘ಹೊಗೆ’ ಎನ್ನುತ್ತೇವೆ. ಈ ಎರಡು ಹೆಜ್ಜೆಗಳನ್ನು ಕೂಡಿಸಿದರೆ ಯುಗ, ನುಗ, ನೊಗ ಎಂಬ ದಾರಿ ಸಂಭಾವ್ಯವೆನಿಸುತ್ತದೆ. ಯೋಗ, ಉದ್ಯೋಗ, ಜೋಗಿ, ಯುಗಾದಿ ಇವೂ ಅದೇ ಮೂಲದವು. ಬೇರೆ ಬೇರೆ ಬಾಗಿಲುಗಳಿಂದ ನಮ್ಮ ಮನೆಗೆ ಬಂದವು.

ದನಿ ಹೋಲಿತೆಂದ ಮಾತ್ರಕ್ಕೆ ನಂಟಸ್ತಿಕೆ ಸಿದ್ಧಿಸದು. ನಿಯಮ ಬೇಕು, ನಿಯಮಕ್ಕೆ ಮಾತುಗಳ ಸಾಕ್ಷಿ ಬೇಕು. ಹಿಟ್ಟೈಟರ ಮಾತು ಮಣ್ಣಿನ ಹಲಗೆಗಳಲ್ಲಿ ಉಳಿಯಿತು. ನಮ್ಮ ಒಕ್ಕಲುತನದ ಎಷ್ಟೋ ಮಾತುಗಳು ಹಿರಿಯರ ನಾಲಗೆಯ ಮೇಲೆ ಮಾತ್ರ ಇವೆ. ಎತ್ತು ಹೋದ ಮನೆಯಲ್ಲಿ ನೊಗ ಮೂಲೆ ಸೇರುವುದು ಸಹಜ. ಅದರೊಡನೆ ಮಾತೂ ಮೂಲೆ ಸೇರುವ ಮುನ್ನ ಕೇಳಿ ಬರೆದಿಡುವುದು ಮನೆಮನೆಯವರೂ ಮಾಡಬಹುದಾದ ಕೆಲಸ.